ಹಾರ್ಡ್‌ವಿಕ್ ಹಾಲ್‌ಗೆ ಹೋಗುವವರಿಗೆ: ಒಳಗೆ ಓಡಬೇಡಿ, ಮೊದಲು ಕಿಟಕಿ ನೋಡಿ

ಇಂಗ್ಲೆಂಡಿನ ಡರ್ಬಿಶೈರ್ ಅಂದರೆ ಎಲ್ಲರೂ ಚಾಟ್ಸ್‌ವರ್ತ್ ಅನ್ನುವ ಅರಮನೆಯಂಥ ಮನೆಗೆ ಹೋಗುತ್ತಾರೆ. ಹೋಗಿ, ಬೇಡ ಅನ್ನಲ್ಲ. ಆದರೆ ಕಟ್ಟಡ ನೋಡುವ ಹುಚ್ಚು ಇದ್ದರೆ ನನ್ನ ಓಟು ಅದೇ ಕಡೆ ಇರುವ ಇನ್ನೊಂದು ಹಳೇ ದೊಡ್ಡ ಮನೆ ಹಾರ್ಡ್‌ವಿಕ್ ಹಾಲ್‌ಗೆ. ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಎಲ್ಲ ಉಲ್ಟಾ ಮಾಡಿದೆ: ಮೋಡ ಕವಿದ ದಿನ ಹೋದೆ, ಸೀದಾ ಒಳಗೆ ನುಗ್ಗಿದೆ, ಒಂದು ಗಂಟೆಯಲ್ಲಿ ಆಚೆ ಬಂದೆ. ಎರಡನೇ ಸಲ ಅಮ್ಮ ಊರಿಂದ ಬಂದಿದ್ದರು, ಅವರ ಮಂಡಿ ನೋವಿನ ದೆಸೆಯಿಂದ ನಿಧಾನವಾಗಿ ನೋಡಿದೆವು. ಆಗಲೇ ಈ ಮನೆ ನನಗೆ ಅರ್ಥವಾಗಿದ್ದು.

ಹೋಗುವ ದಾರಿ ಸುಲಭ. ಎಂ1 ಹೆದ್ದಾರಿಯ 29ನೇ ಜಂಕ್ಷನ್‌ನಲ್ಲಿ ಇಳಿದರೆ ಹತ್ತಿರವೇ. ಕಾರಿಲ್ಲದಿದ್ದರೆ ಚೆಸ್ಟರ್‌ಫೀಲ್ಡ್‌ವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ. ವಾಪಸ್ ಬರುವ ಟ್ಯಾಕ್ಸಿಯನ್ನೂ ಮೊದಲೇ ಹೇಳಿಟ್ಟುಕೊಳ್ಳಿ. ಮೊದಲ ಸಲ ನಾನು "ಫೋನ್ ಮಾಡಿದರೆ ಬರುತ್ತಾರೆ ಬಿಡು" ಅಂದುಕೊಂಡು ಗೇಟಿನ ಹತ್ತಿರ ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತಿದ್ದೆ. ಮನೆ ಇಂಥ ಹಳೇ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯದ್ದು, ಅವರ ಸದಸ್ಯರಾಗಿದ್ದರೆ ಟಿಕೆಟ್ ಬೇಡ. ತೋಟ ತೆರೆದಿದೆ ಅಂದ ಮಾತ್ರಕ್ಕೆ ಮನೆಯೂ ತೆರೆದಿದೆ ಅಂತಲ್ಲ, ಹೊರಡುವ ಮುಂಚೆ ಅವರ ವೆಬ್‌ಸೈಟ್‌ನಲ್ಲಿ ಎರಡನ್ನೂ ನೋಡಿಕೊಳ್ಳಿ.

ಈಗ ಮುಖ್ಯ ವಿಷಯ. ಅಂಗಳಕ್ಕೆ ಬಂದ ಮೇಲೆ ಹತ್ತು ನಿಮಿಷ ಸುಮ್ನೆ ನಿಲ್ಲಿ. ಕಣ್ಣಿಗೆ ಮೊದಲು ಬೀಳುವುದು ಗಾಜು. ಹಾರ್ಡ್‌ವಿಕ್‌ನಲ್ಲಿ ಗೋಡೆಗಿಂತ ಗಾಜೇ ಜಾಸ್ತಿ ಅನ್ನುವುದು ಇಲ್ಲಿನ ಹಳೇ ಗಾದೆ. ಕಟ್ಟಿದ್ದು 1590ರಿಂದ 1597ರವರೆಗೆ. ಆಗ ಗಾಜು ಬಹಳ ದುಬಾರಿ, ಹಾಗಾಗಿ ಇಷ್ಟು ಕಿಟಕಿ ಇಡುವುದು ಅಂದರೆ ಊರಿಗೆಲ್ಲ ಕಾಣುವ ಹಾಗೆ ದುಡ್ಡು ಹರವಿಟ್ಟ ಹಾಗೆ. ಕೆಳಗಿಂದ ಮೇಲಕ್ಕೆ ಕಿಟಕಿಗಳ ಎತ್ತರ ಗಮನಿಸಿ. ಹೋಗ್ತಾ ಹೋಗ್ತಾ ದೊಡ್ಡದಾಗುತ್ತವೆ, ಅಲ್ವಾ? ನೆಲಮಹಡಿ ಕೆಲಸದವರದ್ದು, ಮೊದಲ ಮಹಡಿ ಮನೆಯವರ ದಿನನಿತ್ಯದ ವಾಸಕ್ಕೆ, ಎರಡನೇ ಮಹಡಿ ರಾಜಮರ್ಯಾದೆಯ ಅತಿಥಿಗಳಿಗೆ. ಯಾರ ಅಂತಸ್ತು ಎಷ್ಟು ಅಂತ ಬಾಗಿಲು ತಟ್ಟುವ ಮೊದಲೇ ಗೊತ್ತಾಗುತ್ತದೆ. ಇನ್ನೊಂದು ತಮಾಷೆ ಇದೆ. ಮುಂಭಾಗ ಎರಡೂ ಕಡೆ ಒಂದೇ ಥರ ಕಾಣಲಿ ಅಂತ ಕೆಲವು ಕಡೆ ಹುಸಿ ಕಿಟಕಿ ಇಟ್ಟಿದ್ದಾರೆ, ಗಾಜಿನ ಹಿಂದೆ ಬರೀ ಗೋಡೆ!

ಹೊರಗೋಡೆಯಲ್ಲಿ ಇಷ್ಟು ಗಾಜು ಹಾಕಿ ಮನೆ ನಿಲ್ಲಿಸಿದ್ದು ಹೇಗೆ? ನಡುವೆ ಉದ್ದಕ್ಕೂ ಒಂದು ದಪ್ಪ ಗೋಡೆ ಬೆನ್ನುಮೂಳೆಯ ಹಾಗೆ ಹೋಗುತ್ತದೆ. ಹೊಗೆಗೂಡುಗಳನ್ನು ಅಲ್ಲಿಗೆ ಸೇರಿಸಿದ್ದರಿಂದ ಹೊರಗೋಡೆ ಕಿಟಕಿಗಳಿಗೆ ಬಿಡುವಾಯಿತು. ವಿನ್ಯಾಸ ರಾಬರ್ಟ್ ಸ್ಮಿತ್ಸನ್ ಅನ್ನುವವನದ್ದು ಎನ್ನುತ್ತಾರೆ. ನಾಟಿಂಗ್‌ಹ್ಯಾಮ್‌ನ ವೊಲಟನ್ ಹಾಲ್ ಕೂಡ ಅವನದೇ, ಸಮಯವಿದ್ದರೆ ಎರಡನ್ನೂ ಹೋಲಿಸಿ ನೋಡಿ.

ತಲೆ ಎತ್ತಿದರೆ ಆರು ಗೋಪುರಗಳು, ಅವುಗಳ ನೆತ್ತಿಯಲ್ಲಿ ಕಲ್ಲಲ್ಲಿ ಕೆತ್ತಿದ ಇ ಮತ್ತು ಎಸ್ ಅಕ್ಷರಗಳು. ಅದು ಈ ಮನೆ ಕಟ್ಟಿಸಿದ ಎಲಿಜಬೆತ್ ಶ್ರೂಸ್‌ಬರಿಯ ಹೆಸರಿನ ಅಕ್ಷರ, ಅಂದರೆ ಊರವರ ಬಾಯಲ್ಲಿ ಬೆಸ್ ಆಫ್ ಹಾರ್ಡ್‌ವಿಕ್. ನಾಲ್ಕು ಮದುವೆಯಾದ ಹೆಂಗಸು, ಪ್ರತಿ ಮದುವೆಗೂ ಒಂದೊಂದು ಮೆಟ್ಟಿಲು ಮೇಲೇರಿದವಳು. ನಾಲ್ಕನೇ ಗಂಡ ಶ್ರೂಸ್‌ಬರಿಯ ಅರ್ಲ್ 1590ರಲ್ಲಿ ತೀರಿಕೊಂಡ ಮೇಲೆ ದೊಡ್ಡ ದುಡ್ಡು ಅವಳ ಕೈಗೆ ಬಂತು. ಈ ಮನೆಗೆ ಬಂದು ನೆಲೆಸುವ ಹೊತ್ತಿಗೆ ವಯಸ್ಸು ಎಪ್ಪತ್ತರ ಆಸುಪಾಸು!

ಒಳಗೆ ಹೋದರೆ ಮೊದಲು ಸಿಗುವ ದೊಡ್ಡ ಕೋಣೆ, ಅಂದರೆ ಹಾಲ್, ಅಡ್ಡಡ್ಡ ಇಲ್ಲ, ಬಾಗಿಲಿಂದ ನೇರವಾಗಿ ಮನೆಯ ನಡುವೆ ಹಿಂದಕ್ಕೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಅದು ಹೊಸದು. ಕಲ್ಲಿನ ಮೆಟ್ಟಿಲು ಸುತ್ತಿ ಬಳಸಿ ಎರಡನೇ ಮಹಡಿಯವರೆಗೆ ಹೋಗುತ್ತದೆ, ಅದನ್ನು ಅವಸರದಲ್ಲಿ ಹತ್ತಬೇಡಿ, ಅದು ಮೆರವಣಿಗೆಗೆ ಮಾಡಿದ ಮೆಟ್ಟಿಲು. ಅಮ್ಮ ಅರ್ಧಕ್ಕೆ ಕೂತು, "ಅಡುಗೆಮನೆ ಕೆಳಗೆ, ಊಟ ಅಷ್ಟು ಮೇಲೆ, ಸಾರು ಆರಿ ಹೋಗ್ತಿತ್ತಲ್ಲೋ" ಅಂದರು. ಸರಿಯಾದ ಮಾತು! ಮಂಡಿ ನೋವಿರುವವರು ಜೊತೆಗಿದ್ದರೆ ಟಿಕೆಟ್ ಕೌಂಟರ್‌ನಲ್ಲೇ ಏನು ಅನುಕೂಲ ಇದೆ ಅಂತ ಕೇಳಿ.

ಮೇಲೆ ಹೈ ಗ್ರೇಟ್ ಚೇಂಬರ್ ಅನ್ನುವ ದೊಡ್ಡ ಕೋಣೆಯಲ್ಲಿ ಗೋಡೆಯ ಮೇಲ್ಭಾಗದ ಸುತ್ತ ಬಣ್ಣ ಹಚ್ಚಿದ ಗಾರೆ ಕೆಲಸ, ಡಯಾನಾ ದೇವತೆ, ಕಾಡು, ಪ್ರಾಣಿಗಳು. ಕತ್ತು ನೋಯುವವರೆಗೆ ನೋಡಿ. ಪಕ್ಕದ ಲಾಂಗ್ ಗ್ಯಾಲರಿ ಸುಮಾರು 50 ಮೀಟರ್ ಉದ್ದ. ಮಳೆಗಾಲದಲ್ಲಿ ವಾಕಿಂಗ್ ಮಾಡಲು ಒಳ್ಳೇ ಜಾಗ ಅನ್ನಿ. ಬೈಬಲ್‌ನ ಗಿಡಿಯನ್ ಕಥೆಯ 13 ಟ್ಯಾಪೆಸ್ಟ್ರಿಗಳು, ಅಂದರೆ ಚಿತ್ರ ನೇಯ್ದ ಗೋಡೆಬಟ್ಟೆಗಳು, ಇಲ್ಲಿವೆ. ಬೆಸ್ ಇವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು, ಹಳೇ ಮಾಲೀಕರ ಲಾಂಛನದ ಮೇಲೆ ತನ್ನದನ್ನು ಹಾಕಿಸಿದಳು. ಎಲ್ಲವನ್ನೂ ಸರಿಪಡಿಸಿ ಮುಗಿಸಲು 24 ವರ್ಷ ಹಿಡಿಯಿತು, 2023ಕ್ಕೆ ಮುಗಿದಿದೆ. ಈ ಬಟ್ಟೆಗಳಿಗೆ ಬೆಳಕು ತಾಗಬಾರದು ಅಂತ ಪರದೆ ಇಳಿಬಿಟ್ಟಿರುತ್ತಾರೆ. ಬೆಳಕಿಗೆಂದೇ ಕಟ್ಟಿದ ಮನೆಯಲ್ಲಿ ಕತ್ತಲು, ಏನು ಮಾಡೋದು. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ. ಒಂದು ಸ್ವೆಟರ್ ಇರಲಿ, ಒಳಗೆ ಥಂಡಿ.

ಪಕ್ಕದಲ್ಲೇ ಇರುವ ಓಲ್ಡ್ ಹಾಲ್ ಪಾಳುಬಿದ್ದಿದೆ. ಬೆಸ್ ಅದನ್ನು 1587ರಲ್ಲಿ ಶುರು ಮಾಡಿ, ಅದು ಮುಗಿಯುವ ಮುಂಚೆಯೇ ಹೊಸದಕ್ಕೆ ಕೈ ಹಾಕಿದ್ದಳು. ಒಳಗೆ ಬಿಟ್ಟರೆ ತಪ್ಪದೆ ನೋಡಿ, ಮಹಡಿ ಬಿದ್ದು ಹೋದ ಗೋಡೆಯಲ್ಲಿ ಅಗ್ಗಿಷ್ಟಿಕೆ ಮತ್ತು ಗಾರೆಯ ದೈತ್ಯರು ಇನ್ನೂ ನಿಂತಿದ್ದಾರೆ.

ಮುಂಭಾಗ ಪಶ್ಚಿಮಕ್ಕಿದೆ. ಹಾಗಾಗಿ ಬಿಸಿಲಿರುವ ದಿನ ಮಧ್ಯಾಹ್ನದ ಮೇಲೆ ಹೋಗಿ, ಒಳಗೆ ನೋಡಿ ಮುಗಿಸಿ, ಮತ್ತೆ ಅಂಗಳಕ್ಕೆ ಬನ್ನಿ. ಅದೇ ಗಾಜು ಸಂಜೆಯ ಬಿಸಿಲಿಗೆ ಬೇರೆಯೇ ಥರ ಹೊಳೆಯುತ್ತದೆ. ನಾವು ಮುಚ್ಚುವ ಹೊತ್ತಿನವರೆಗೂ ಅಲ್ಲೇ ಇದ್ದೆವು. ಈ ಸಲ ಟ್ಯಾಕ್ಸಿ ಹೇಳಿದ ಸಮಯಕ್ಕೆ ಬಂತು.