ಪದವಿಗೂ ರೈಲು ಕಾರ್ಡಿಗೂ ಇರುವ ನಂಟು

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ದೊರೆಯುತ್ತದೆ. ಪ್ರವೇಶಕ್ಕೆ ಅಂಕಗಳ ಪೈಪೋಟಿಯಿಲ್ಲ, ಶುಲ್ಕವೂ ಕಡಿಮೆ. ಆದ್ದರಿಂದ ಮನೆಯಲ್ಲಿ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದವರು, ವಲಸೆ ಬಂದವರ ಮಕ್ಕಳು, ದುಡಿಯುತ್ತಲೇ ಓದುವವರು ಹೆಚ್ಚಾಗಿ ಇಲ್ಲಿಗೆ ಬರುತ್ತಾರೆ. ಸೇರುವುದು ಸುಲಭವಾದರೂ ಮುಗಿಸುವವರು ಕಡಿಮೆ.

ಇಂಥ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನಾನು ಬಿಡುವಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅವರಲ್ಲೊಬ್ಬಳು ಪಠ್ಯಪುಸ್ತಕ ಕೊಳ್ಳಲು ಹಣವಿಲ್ಲದೆ, ಗೆಳತಿಯ ಪುಸ್ತಕದ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು, ಬಿರುಕು ಬಿಟ್ಟ ಪರದೆಯ ಮೇಲೆ ಅವನ್ನು ದೊಡ್ಡದು ಮಾಡಿ ಮಾಡಿ ಲೆಕ್ಕಗಳನ್ನು ಓದುತ್ತಿದ್ದಳು. ಬುದ್ಧಿಗಾಗಲಿ ಶ್ರದ್ಧೆಗಾಗಲಿ ಅವಳಲ್ಲಿ ಕೊರತೆ ಇರಲಿಲ್ಲ.

ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ, ಅಂದರೆ ಕ್ಯೂನಿ, 2007ರಲ್ಲಿ ಆರಂಭಿಸಿದ ‘ಏಸ್ಯಾಪ್’ ಕಾರ್ಯಕ್ರಮವನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ವಿದ್ಯಾರ್ಥಿವೇತನ ಕಳೆದು ಉಳಿಯುವ ಶುಲ್ಕವನ್ನು ಅದು ಭರಿಸುತ್ತದೆ, ಪಠ್ಯಪುಸ್ತಕಗಳಿಗೆ ನೆರವಾಗುತ್ತದೆ, ತರಗತಿಗಳನ್ನು ಮೊದಲೇ ಆಯ್ದುಕೊಳ್ಳಲು ಅವಕಾಶ ನೀಡುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಸಲಹೆಗಾರರ ವ್ಯವಸ್ಥೆ. ಸಾಮಾನ್ಯವಾಗಿ ಒಬ್ಬ ಸಲಹೆಗಾರರ ಪಾಲಿಗೆ 600 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಈ ಕಾಲೇಜುಗಳಲ್ಲಿ, ಏಸ್ಯಾಪ್ ಆರಂಭದ ವರ್ಷಗಳಲ್ಲಿ ಆ ಸಂಖ್ಯೆಯನ್ನು 60–80ರ ಮಟ್ಟಕ್ಕೆ ಇಳಿಸಿತು. ಅಷ್ಟು ಜನರಾದರೆ ಹೆಸರು ಹಿಡಿದು ಕರೆಯಬಹುದು, ಕಳೆದ ಪರೀಕ್ಷೆ ಏನಾಯಿತೆಂದು ವಿಚಾರಿಸಬಹುದು. ನಗರದ ರೈಲು ಮತ್ತು ಬಸ್ಸುಗಳಲ್ಲಿ ಓಡಾಡಲು ಕೊಡುತ್ತಿದ್ದ ಮೆಟ್ರೊಕಾರ್ಡನ್ನು ಇಂಥ ಭೇಟಿಗಳಲ್ಲಿ ಪಾಲ್ಗೊಳ್ಳುವುದಕ್ಕೆ ತಳಕು ಹಾಕಿದ್ದು ಬಹಳ ಜಾಣತನದ ಏರ್ಪಾಡು. ಕಾರ್ಡಿಗಾಗಿ ಬಂದವರು ಸಲಹೆಗಾರರ ಎದುರು ಕುಳಿತು ಮಾತನಾಡಿಯೇ ಹೋಗುತ್ತಿದ್ದರು.

ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆಯು, ಗಣಿತ ಅಥವಾ ಇಂಗ್ಲಿಷಿನಲ್ಲಿ ಪೂರ್ವತಯಾರಿ ತರಗತಿಗಳ ಅಗತ್ಯವಿದ್ದ ಕಡಿಮೆ ಆದಾಯದ 896 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿತು. ಮೂರು ವರ್ಷಗಳಲ್ಲಿ ಏಸ್ಯಾಪ್ ಗುಂಪಿನ ಶೇ 40ರಷ್ಟು ಮಂದಿ ಪದವಿ ಪಡೆದರೆ, ಇನ್ನೊಂದು ಗುಂಪಿನಲ್ಲಿ ಪಡೆದವರು ಶೇ 22 ಮಾತ್ರ. ಇದು ನ್ಯೂಯಾರ್ಕಿಗಷ್ಟೇ ಒಗ್ಗುವ ಪದ್ಧತಿಯೇನೋ ಎಂಬ ಅನುಮಾನಕ್ಕೆ ಒಹಾಯೊ ರಾಜ್ಯದ ಮೂರು ಕಾಲೇಜುಗಳು ಉತ್ತರ ಕೊಟ್ಟವು. ಅಲ್ಲಿ ಮೆಟ್ರೊಕಾರ್ಡಿನ ಬದಲು ಪೆಟ್ರೋಲಿಗೂ ದಿನಸಿಗೂ ಬಳಸಬಹುದಾದ ಗಿಫ್ಟ್ ಕಾರ್ಡ್ ಕೊಟ್ಟರು. ಅಂತರ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು.

ಖರ್ಚು ಕಡಿಮೆಯೇನಲ್ಲ. ನ್ಯೂಯಾರ್ಕಿನ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಸುಮಾರು 16,300 ಡಾಲರ್ ಹೆಚ್ಚುವರಿಯಾಗಿ ತಗುಲಿತು. ಆದರೆ ಪದವಿ ಮುಗಿಸಿದವರ ಲೆಕ್ಕದಲ್ಲಿ ಭಾಗಿಸಿ ನೋಡಿದರೆ, ಒಂದೊಂದು ಪದವಿಗೆ ಆದ ವೆಚ್ಚ ಮಾಮೂಲಿ ವ್ಯವಸ್ಥೆಗಿಂತ ಕಡಿಮೆಯೇ ಆಗಿತ್ತು. ಅನುದಾನ ಹಂಚುವವರು ದಾಖಲಾತಿಯ ಸಂಖ್ಯೆಯನ್ನು ಬಿಟ್ಟು ಈ ಎರಡನೆಯ ಲೆಕ್ಕವನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ತಕರಾರು ಒಂದೇ. ಈ ಕಾರ್ಯಕ್ರಮಕ್ಕೆ ಸೇರಲು ಪೂರ್ಣಾವಧಿ ವಿದ್ಯಾರ್ಥಿಯಾಗಿರಲೇಬೇಕು. ವೇಗವಾಗಿ ಓದಿದರೆ ನಡುವೆ ಕೈಬಿಡುವ ಸಾಧ್ಯತೆ ಕಡಿಮೆ ಎಂಬ ತರ್ಕವನ್ನು ನಾನು ಒಪ್ಪುತ್ತೇನೆ. ಆದರೂ ಮಕ್ಕಳನ್ನು ಸಾಕುತ್ತ, ಕೆಲಸ ಮುಗಿಸಿ ಸಂಜೆ ಒಂದೆರಡು ವಿಷಯಗಳನ್ನಷ್ಟೇ ಓದಬಲ್ಲ ತಾಯಂದಿರಿಗೂ ಇಂಥದೇ ಒಬ್ಬ ಸಲಹೆಗಾರರು, ಇಂಥದೇ ಒಂದು ಕಾರ್ಡು ಸಿಗಬೇಕು.