ಮನಸ್ಸು ಓಡಿದರೆ ಓಡಲಿ ಬಿಡಿ

ಹೋದ ವರ್ಷ ಬಿಪಿ 150/96 ಬಂತು. ಡಾಕ್ಟರು ಗುಳಿಗೆ ಬರೆದುಕೊಟ್ಟು, "ಉಪ್ಪು ಕಡಿಮಿ ಮಾಡ್ರಿ, ದಿನಾ ಅರ್ಧ ತಾಸು ಅಡ್ಡಾಡ್ರಿ, ಒಂದೀಟು ಧ್ಯಾನಾನೂ ಮಾಡ್ರಿ" ಅಂದರು. ಉಪ್ಪಿನಕಾಯಿ ಬಿಡೋದು ಎಷ್ಟು ಕಷ್ಟ ಅಂತ ನಮ್ಮ ವಿಜಯಪುರದವರಿಗೆ ಹೇಳಬೇಕಾಗಿಲ್ಲ. ಧ್ಯಾನವಾದರೂ ಸುಲಭ ಇರಬಹುದು ಅಂದುಕೊಂಡೆ.

ಇರಲಿಲ್ಲ. ಸುಮ್ನೆ ಉಸಿರು ಗಮನಿಸುತ್ತಾ ಕೂರಬೇಕು, ಅಷ್ಟೇ. ನಾಲ್ಕನೇ ಉಸಿರಿಗೆ ಸಿಲಿಂಡರ್ ಬುಕ್ ಮಾಡಿಲ್ಲ ಅಂತ ನೆನಪಾಯಿತು, ಅಲ್ಲಿಂದ ಕರೆಂಟ್ ಬಿಲ್ಲು, ಅಲ್ಲಿಂದ ಯಾವುದೋ ಮದುವೆಯಲ್ಲಿ ಮಾವ ಆಡಿದ ಚುಚ್ಚುಮಾತು, ಅದೂ ಹದಿನೈದು ವರ್ಷದ ಹಿಂದಿನದು! ನಮ್ಮಿಂದಾಗಲ್ಲ ಅಂತ ವಾರದಲ್ಲೇ ಬಿಟ್ಟೆ.

ತಪ್ಪು ನನ್ನೊಬ್ಬನದಲ್ಲ ಅಂತ ಓದಿದ ಮೇಲೆ ತಿಳಿಯಿತು. ಕೈಯಲ್ಲಿ ಕೆಲಸವಿಲ್ಲದಾಗ ಮೆದುಳಿನ ಕೆಲವು ಭಾಗಗಳು ಇನ್ನೂ ಚುರುಕಾಗುತ್ತವಂತೆ. 2001ರಲ್ಲಿ ಅಮೆರಿಕದ ಮೆದುಳು ವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಜೊತೆಯವರು ಇದನ್ನು 'ಡೀಫಾಲ್ಟ್ ಮೋಡ್' ಅಂತ ಕರೆದರು. ನಮ್ಮ ಹಳೇ ಜಗಳ, ನಾಳಿನ ಚಿಂತೆ ಎಲ್ಲಾ ಓಡುವುದು ಅಲ್ಲೇ. 2011ರಲ್ಲಿ ಜಡ್ಸನ್ ಬ್ರೂವರ್ ತಂಡ ಧ್ಯಾನದಲ್ಲಿ ಪಳಗಿದವರನ್ನು ಸ್ಕ್ಯಾನ್ ಮಾಡಿದಾಗ ಆ ಭಾಗಗಳ ಗದ್ದಲ ಕಡಿಮೆ ಇತ್ತು.

ಊರಿಗೆ ಹೋದಾಗ ನಮ್ಮ ಆಯಿಯನ್ನು, ಅಂದರೆ ಅಜ್ಜಿಯನ್ನು, ಸರಿಯಾಗಿ ನೋಡಿದ್ದು ಆಗಲೇ. ಎಡ ಅಂಗೈಯಲ್ಲಿ ಇಷ್ಟಲಿಂಗ. ಕಪ್ಪು ಲಿಂಗದ ಮೇಲೆ ದೀಪದ ಬೆಳಕು ಸಾಸಿವೆಕಾಳಿನಷ್ಟು ಹೊಳೆಯುತ್ತಿತ್ತು, ಆಯಿಯ ಕಣ್ಣು ಅದರ ಮೇಲೇ. ತುಟಿ ಮಾತ್ರ ಅಲುಗುತ್ತಿತ್ತು.

"ಆಯಿ, ಮನಸ್ಸು ಎಲ್ಲೂ ಓಡಲ್ಲೇನು?"

"ಓಡತದಲ್ಲೋ ತಮ್ಮಾ. ಒಲಿ ಮ್ಯಾಲಿನ ಹಾಲು ನೆನಪಾಗತದ. ಮತ್ತ ಲಿಂಗದ ಕಡೆ ನೋಡ್ತೀನಿ."

ಧ್ಯಾನ ಅಂದ್ರೆ ತಲೆ ಖಾಲಿ ಮಾಡೋದು ಅಂದುಕೊಂಡಿದ್ದೆ. ಆಯಿಗೆ ಆ ಭ್ರಮೆ ಇರಲೇ ಇಲ್ಲ. ಓಡಿದ್ದು ಗೊತ್ತಾಗಬೇಕು, ವಾಪಸ್ ಕರೆತರಬೇಕು, ಕೆಲಸ ಅಷ್ಟೇ.

ದೇಹದ ಕಡೆಯದು ಇನ್ನೂ ಸರಳ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಉಸಿರಾಡಿ ನೋಡಿ. ಒಳಗೆ ಎಳೆದಾಗ ನಾಡಿ ತುಸು ಚುರುಕು, ಬಿಟ್ಟಾಗ ನಿಧಾನ. ಉಸಿರು ಬಿಡುವಾಗ, ಮೆದುಳಿನಿಂದ ಹೃದಯದ ತನಕ ಇಳಿಯುವ ವೇಗಸ್ ಅನ್ನೋ ನರ ಹೃದಯದ ಲಗಾಮು ಎಳೆಯುತ್ತದೆ. 2001ರಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ಡಿ ತಂಡ ಜನರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಹೇಳಿಸಿತು, 'ಓಂ ಮಣಿ ಪದ್ಮೇ ಹೂಂ' ಅನ್ನೋ ಬೌದ್ಧ ಮಂತ್ರವನ್ನೂ ಹೇಳಿಸಿತು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಆಯಿಯ ತುಟಿ ನೆನಪಾಯಿತು ನನಗೆ.

ಆದರೆ 'ಎಂಟು ವಾರದಲ್ಲಿ ಮೆದುಳು ಬೆಳೆಯುತ್ತೆ' ಅನ್ನೋ ವಾಟ್ಸಾಪ್ ಮೆಸೇಜ್ ಬಂದ್ರೆ ಸ್ವಲ್ಪ ತಡೀರಿ. ಆ ಮಾತಿಗೆ ಮೂಲವಾದದ್ದು 2011ರದೇ ಬೇರೊಂದು ಅಧ್ಯಯನ, ಅದರಲ್ಲಿ ಧ್ಯಾನ ಕಲಿತವರು 16 ಜನ ಮಾತ್ರ. 2022ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 200ಕ್ಕೂ ಜಾಸ್ತಿ ಜನರನ್ನು ನೋಡಿದಾಗ ಮೆದುಳಿನ ರಚನೆಯಲ್ಲಿ ಅಂಥ ಬದಲಾವಣೆ ಸಿಗಲಿಲ್ಲ. ಇದನ್ನು ಯಾರೂ ಫಾರ್ವರ್ಡ್ ಮಾಡಲ್ಲ, ಅಲ್ವಾ?

ಆಯಿಯನ್ನು ನೋಡಿದ ಮೇಲೆ ನಾನೂ ಮತ್ತೆ ಧ್ಯಾನಕ್ಕೆ ಕೂರತೊಡಗಿದೆ. ಈಗ ನನ್ನ ಬಿಪಿ 134/86. ಗುಳಿಗೆ ನಿಲ್ಲಿಸಿಲ್ಲ, ನಡಿಗೆಯೂ ಇದೆ, ಹಾಗಾಗಿ ಇದು ಯಾವುದರ ಪುಣ್ಯ ಅಂತ ಹೇಳಲಾರೆ. ರಾತ್ರಿ ನಿದ್ದೆ ಮಾತ್ರ ಬೇಗ ಹತ್ತುತ್ತದೆ. ನಿನ್ನೆ ಬೆಳಿಗ್ಗೆ ಕೂತಾಗ ಮತ್ತೆ ಸಿಲಿಂಡರ್ ಬಂತು. ಎದ್ದು ಬುಕ್ ಮಾಡಿ, ಬಂದು ಕೂತೆ.