ಮಿರಗದಿಂದ ಮಿರಗಕ್ಕೆ, ಒಂದೇ ಗಿಡದ ಬುಡದಲ್ಲಿ

ಕಾಡು ನೋಡುವುದೆಂದರೆ ಹುಬ್ಬಳ್ಳಿ-ಧಾರವಾಡದ ಮಂದಿ ದಾಂಡೇಲಿ ಕಡೆ ಗಾಡಿ ತಿರುಗಿಸುತ್ತಾರೆ. ಹೋಗಿ ಬರಲಿ. ಆದರೆ ಒಂದೇ ಜಾಗವನ್ನು ಹನ್ನೆರಡು ತಿಂಗಳು ಬಿಡದೆ ನೋಡುವ ಕೆಲಸಕ್ಕೆ ದಾಂಡೇಲಿ ಒಗ್ಗುವುದಿಲ್ಲ, ಎರಡನೇ ತಿಂಗಳಿಗೇ ಹೋಗುವುದು ತಪ್ಪುತ್ತದೆ. ಇದಕ್ಕೆ ಮನೆಯಿಂದ ಅರ್ಧ ತಾಸಿನಲ್ಲಿ ಮುಟ್ಟುವ, ಯಾರೂ ನಿಂತು ಫೋಟೋ ತೆಗೆಯದ ಕಾಡೇ ಸೈ. ಧಾರವಾಡದಿಂದ ಕಲಘಟಗಿ ರಸ್ತೆ ಹಿಡಿದು ನುಗ್ಗಿಕೇರಿ ದಾಟಿದ ಮೇಲೆ ಅಂಥ ತುಣುಕುಗಳು ಸಿಗುತ್ತವೆ. ಈ ಪಟ್ಟಿಯ ಗುಣವೇ ಬೇರೆ. ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಪೂರ್ವಕ್ಕೆ ಎರಿ, ಅಂದರೆ ಕಪ್ಪು ಮಣ್ಣಿನ ಹೊಲಗಳ ಬೆಳವಲ. ಹಾಗಾಗಿ ಸಾಗವಾನಿ, ಮತ್ತಿ, ದಿಂಡಲದ ಜೊತೆಗೇ ಜಾಲಿ, ಬಾರಿ, ಕವಳಿ ಪೊದೆಗಳೂ ನಿಂತಿರುತ್ತವೆ. ಗದಗಿನವರಿಗೆ ಕಪ್ಪತಗುಡ್ಡ ಹತ್ತಿರ, ಆದರೆ ಅಲ್ಲಿಯ 244 ಚದರ ಕಿಲೋಮೀಟರಿಗೂ ಹೆಚ್ಚಿನ ಕಾಡು 2019ರಿಂದ ವನ್ಯಜೀವಿಧಾಮ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಪದೇಪದೇ ಹೋಗುವ ಕೆಲಸಕ್ಕೆ ಗುಡ್ಡದ ಹೊರಗಿನ ಅಂಚೇ ಸಲೀಸು.

ಜಾಗ ಆರಿಸುವಾಗ ಚಂದ ನೋಡಬೇಡಿ, ಗಿಡ ನೋಡಿ. ಮೂರು ಬಗೆಯ ಗಿಡ ಒಂದೇ ಕಡೆ ಕಾಣಬೇಕು. ಬೇಸಿಗೆಗೆ ಪೂರ್ತಿ ಎಲೆ ಉದುರಿಸುವ ಒಂದು ಸಾಗವಾನಿ, ಬರಿಗೊಂಬೆಯಲ್ಲಿ ಹೂ ಬಿಡುವ ಒಂದು ಮುತ್ತಲ, ತನ್ನದೇ ಕಾಲಮಾನದಲ್ಲಿ ಬದುಕುವ ಒಂದು ಬಸರಿ ಅಥವಾ ಅತ್ತಿ. ಇವುಗಳ ನಡುವೆ ಹತ್ತು ಹೆಜ್ಜೆ ತ್ರಿಜ್ಯದ ಒಂದು ಸುತ್ತು, ಆ ಸುತ್ತಿನೊಳಗೆ ಒಂದು ಮೀಟರ್ ಚೌಕ ನೆಲ. ಇಷ್ಟೇ ನಿಮ್ಮ ಕಾಡು. ನೀಲಗಿರಿ, ಅಕೇಶಿಯಾ ನೆಡುತೋಪುಗಳನ್ನು ಬಿಟ್ಟುಬಿಡಿ. ಜನವರಿಯಲ್ಲೂ ಜುಲೈಯಲ್ಲೂ ಅವು ಒಂದೇ ಹಸಿರು ಮುಖ ತೋರಿಸುತ್ತವೆ, ಬರೆಯಲು ಏನೂ ಉಳಿಯುವುದಿಲ್ಲ.

ಗುರುತು ಹಾಕುವುದರಲ್ಲೇ ಮೊದಲ ಸೋಲು. ಎರಿ ನೆಲದಲ್ಲಿ ಗೂಟ ನಿಲ್ಲುವುದಿಲ್ಲ. ಮಳೆಗೆ ಆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ, ಒಂದು ವರ್ಷದಲ್ಲಿ ಗೂಟ ಓರೆಯಾಗಿ ಮೇಲೆದ್ದಿರುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ನಿಲ್ಲುತ್ತದೆ, ಆದರೆ ಒಲೆಗೆ ಹೋಗುತ್ತದೆ. ಗಿಡಕ್ಕೆ ಮೊಳೆ ಹೊಡೆಯುವುದು, ಬಣ್ಣ ಬಳಿಯುವುದು ತಪ್ಪು. ಬಣ್ಣ ಕಂಡವರು ಕಡಿಯಲು ಹಾಕಿದ ಗುರುತೆಂದೂ ತಿಳಿದಾರು. ಮೊಬೈಲಿನ ಜಿಪಿಎಸ್ ದಟ್ಟ ಎಲೆಯ ಕೆಳಗೆ ಐದು-ಹತ್ತು ಮೀಟರ್ ಆಚೀಚೆ ತೋರಿಸುವುದರಿಂದ ಒಂದು ಮೀಟರಿನ ಚೌಕ ಹುಡುಕಲು ಅದೂ ಸಾಲದು. ಹಳೆಯ ಉಪಾಯವೇ ಗಟ್ಟಿ. ಎರಡು ದೊಡ್ಡ ಗಿಡಗಳಿಂದ ಚೌಕದ ಒಂದು ಮೂಲೆಗೆ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ: ಮತ್ತಿಯಿಂದ 4.20 ಮೀಟರ್, ಸಾಗವಾನಿಯಿಂದ 6.75 ಮೀಟರ್, ಹೀಗೆ. ಎರಡೂ ಅಳತೆ ಕೂಡುವುದು ಎರಡೇ ಬಿಂದುಗಳಲ್ಲಿ. ನಿಮ್ಮದು ಗಿಡಗಳ ಸಾಲಿನ ಯಾವ ಮಗ್ಗುಲಿಗಿದೆ ಎಂದು ಬರೆದರೆ ಮುಗಿಯಿತು. ನಾಲ್ಕು ಮೂಲೆಗೂ ಅಲ್ಲಿಯದೇ ಕಲ್ಲು ಅರ್ಧ ಹೂತಿಡಿ. ಫೋಟೋ ತೆಗೆಯಲು ನಿಲ್ಲುವ ಜಾಗಕ್ಕೂ ಒಂದು ಕಲ್ಲು. ಬೆಳಿಗ್ಗೆ ಎಂಟರ ಹೊತ್ತಿಗೆ, ಬೆನ್ನು ಪೂರ್ವಕ್ಕೆ ಮಾಡಿ, ಜೂಮ್ ಮುಟ್ಟದೆ ತೆಗೆದರೆ ವರ್ಷದ ಚಿತ್ರಗಳು ಒಂದಕ್ಕೊಂದು ತಾಳೆಯಾಗುತ್ತವೆ.

ಇನ್ನು ಯಾವಾಗ ಹೋಗಬೇಕು? "ವಾರಕ್ಕೊಮ್ಮೆ" ಎಂದುಕೊಂಡವರು ಮೂರನೇ ತಿಂಗಳಿಗೆ ಬಿಟ್ಟಿರುತ್ತಾರೆ. ನಮ್ಮ ಕಡೆ ಒಕ್ಕಲುತನದವರ ಬಾಯಲ್ಲಿರುವ ಮಳೆ ನಕ್ಷತ್ರಗಳೇ ಇದಕ್ಕೆ ಹೇಳಿ ಮಾಡಿಸಿದಂತಿವೆ. ಸೂರ್ಯ ಒಂದು ನಕ್ಷತ್ರದಲ್ಲಿ ಹದಿಮೂರೂವರೆ ದಿನ ಇರುತ್ತಾನೆ, 27 ನಕ್ಷತ್ರಕ್ಕೆ ಒಂದು ವರ್ಷ, ಅಂದರೆ 27 ಭೇಟಿ. ಇದು ಸೂರ್ಯನ ಲೆಕ್ಕವಾದ್ದರಿಂದ ಇಂಗ್ಲಿಷ್ ತಾರೀಖಿನ ಜೊತೆ ಹೆಚ್ಚೆಂದರೆ ಒಂದು ದಿನ ಹಿಂದೆಮುಂದೆ ಆಗುತ್ತದೆ. ಮಿರಗ, ಅಂದರೆ ಮೃಗಶಿರಾ, ಯಾವ ವರ್ಷವಾದರೂ ಜೂನ್ 7-8ಕ್ಕೇ ಕೂಡುತ್ತದೆ. ಹಬ್ಬಗಳನ್ನು ಮಾತ್ರ ತಾರೀಖಾಗಿ ನಂಬಬೇಡಿ. "ಹೋಳಿಗೆ ಮುತ್ತಲ ಅರಳಿತು" ಎಂದು ಬರೆದಿಟ್ಟರೆ ಮುಂದೆ ಅದು ಯಾವ ಉಪಯೋಗಕ್ಕೂ ಬಾರದು. ಹೋಳಿ ಹುಣ್ಣಿಮೆ ಮಾರ್ಚಿನ ಮೊದಲ ವಾರಕ್ಕೂ ಬರಬಹುದು, ಕೊನೆಯ ವಾರಕ್ಕೂ ಬರಬಹುದು. ಹೂ ಬೇಗ ಬಂತೋ ಹಬ್ಬ ತಡವಾಯಿತೋ ಯಾರಿಗೆ ಗೊತ್ತು.

ವಹಿಯಲ್ಲಿ ನಕ್ಷತ್ರಕ್ಕೆರಡು ಪುಟ ಬಿಡಿ. ಎಡಕ್ಕೆ ಈ ವರ್ಷ, ಬಲಕ್ಕೆ ಬರುವ ವರ್ಷ. ಪೆನ್ಸಿಲಿನಲ್ಲೇ ಬರೆಯಿರಿ, ಪುನರ್ವಸುವಿನ ಜಿಟಿಜಿಟಿಗೆ ಪೆನ್ನಿನ ಶಾಯಿ ಕದಡಿ ಹೋಗುತ್ತದೆ. ಗಿಡ ಮೂರಕ್ಕೂ ಅದೇ ಆರು ಪ್ರಶ್ನೆ: ಚಿಗುರು, ಬಲಿತ ಎಲೆ, ಒಣ ಎಲೆ, ಮೊಗ್ಗು, ಹೂ, ಕಾಯಿ. ಉತ್ತರ ಮೂರೇ: ಇಲ್ಲ, ಸ್ವಲ್ಪ, ಬಾಳ. ಗಿಡದ ಮೂರನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಸ್ವಲ್ಪ, ಮೀರಿದರೆ ಬಾಳ. ಶೇಕಡಾ ಲೆಕ್ಕಕ್ಕೆ ಇಳಿದರೆ ಇಂದು 40 ಕಂಡದ್ದು ನಾಳೆ 60 ಕಾಣುತ್ತದೆ, ಕಣ್ಣಿಗೆ ಅಷ್ಟು ನಿಖರತೆ ಇಲ್ಲ. "ಇಲ್ಲ" ಎಂಬುದನ್ನು ತಪ್ಪದೆ ಬರೆಯಬೇಕು. ಖಾಲಿ ಬಿಟ್ಟ ಮನೆ ಹೂ ಇರಲಿಲ್ಲ ಎನ್ನುತ್ತದೋ, ನೋಡಲಿಲ್ಲ ಎನ್ನುತ್ತದೋ, ಆರು ತಿಂಗಳ ಮೇಲೆ ಬರೆದವರಿಗೂ ನೆನಪಿರುವುದಿಲ್ಲ.

ವಹಿ ಮಿರಗದಿಂದಲೇ ಶುರು ಮಾಡಿ. ಇಡೀ ವರ್ಷದಲ್ಲಿ ಈ ಹದಿನಾಲ್ಕು ದಿನದಷ್ಟು ವೇಗವಾಗಿ ನೆಲ ಬದಲಾಗುವ ಕಾಲ ಮತ್ತೊಂದಿಲ್ಲ. ಸಾಧ್ಯವಾದರೆ ಈ ಒಂದು ನಕ್ಷತ್ರದಲ್ಲಿ ಮೂರು ಸಲ ಹೋಗಿ. ಮೊದಲ ಜೋರು ಮಳೆಯ ಮರುದಿನ ಬೆಳಿಗ್ಗೆ ಚೌಕದ ಮೇಲೆ ಕೆಂಪು ಮಖಮಲ್ಲಿನ ತುಣುಕುಗಳಂಥ ಮಿರಗದ ಹುಳ ಹರಿದಾಡುತ್ತವೆ. ಕಾಲು ಎಣಿಸಿ ನೋಡಿ, ಎಂಟಿರುತ್ತವೆ. ಇದು ಜೇಡ, ಚೇಳು, ಉಣ್ಣಿಗಳ ಬಳಗದ್ದು. ಬಿಸಿಲೇರಿದರೆ ಮಣ್ಣೊಳಗೆ ಇಳಿಯುತ್ತವೆ, ಕೆಲವೇ ದಿನಗಳಲ್ಲಿ ಕಣ್ಮರೆಯಾಗುತ್ತವೆ. ಹತ್ತು ದಿನ ತಡೆದು ಹೋದವರು "ಈ ವರ್ಷ ಬರಲೇ ಇಲ್ಲ" ಎಂದು ಬರೆದುಬಿಡುತ್ತಾರೆ. ಸಂಜೆ ಹೋದರೆ ಈಸಲು, ಅಂದರೆ ರೆಕ್ಕೆಯ ಗೆದ್ದಲು, ಏಳುತ್ತದೆ. ಹುತ್ತದ ಯಾವ ಬಾಯಿಂದ, ಎಷ್ಟು ಗಂಟೆಗೆ, ಹಿಂದಿನ ಮಳೆ ಮುಗಿದು ಎಷ್ಟು ತಾಸಾಗಿತ್ತು, ಇವು ಮೂರನ್ನೂ ಬರೆದುಕೊಳ್ಳಿ. ಕಾಜಾಣಗಳು ನಿಮಗಿಂತ ಮೊದಲೇ ಬಂದು ಕೊಂಬೆ ಹಿಡಿದಿರುತ್ತವೆ. ಕಪ್ಪು-ಬಿಳಿ ಮೈಯ, ಜುಟ್ಟಿನ ಚಾತಕದ ಕೂಗು ಮಳೆಗಿಂತ ಎಷ್ಟು ದಿನ ಮೊದಲು ಕೇಳಿತು ಎಂಬುದಕ್ಕೂ ಒಂದು ಸಾಲು ಇರಲಿ.

ಮಳೆ ಅಳೆಯದೆ ಇದ್ಯಾವುದಕ್ಕೂ ಅರ್ಥ ಬರುವುದಿಲ್ಲ. ನೇರ ಗೋಡೆಯ ಎರಡು ಲೀಟರಿನ ಬಾಟಲಿಯ ಕುತ್ತಿಗೆ ಕೊಯ್ದು ತಲೆಕೆಳಗಾಗಿ ಕೂಡ್ರಿಸಿದರೆ ಮಳೆಮಾಪಕ. ತಳ ಡೊಂಕಾಗಿರುವುದರಿಂದ ಸಣ್ಣ ಹರಳು ತುಂಬಿ, ನೇರ ಭಾಗ ಶುರುವಾಗುವವರೆಗೆ ನೀರು ಹಾಕಿ, ಅಲ್ಲಿ ಸೊನ್ನೆಯ ಗೆರೆ ಎಳೆಯಿರಿ. ಮೇಲೆ ಸ್ಕೇಲಿನ ಮಿಲಿಮೀಟರ್ ಪಟ್ಟಿ ಅಂಟಿಸಿ. ಒಂದು ಮಿಲಿಮೀಟರ್ ಎಂದರೆ ನಿಮ್ಮ ಚೌಕ ಮೀಟರಿನ ಮೇಲೆ ಒಂದು ಲೀಟರ್ ನೀರು. ಇದನ್ನು ಗಿಡದ ಕೆಳಗೆ ಇಡಬಾರದು. ಎಲೆಗಳು ಒಂದಷ್ಟು ಮಳೆಯನ್ನು ತಡೆದಿಟ್ಟುಕೊಂಡು, ಉಳಿದದ್ದನ್ನು ಒಂದೆಡೆ ಧಾರೆಯಾಗಿ ಸುರಿಸುತ್ತವೆ. ಕಾಡಿನಲ್ಲಿ ಬಯಲಿಗೆ ಇಟ್ಟರೆ ಮುಸ್ಯಾ (ಮಂಗ) ಒಯ್ಯುತ್ತದೆ. ಮನೆಯ ಮಾಳಿಗೆಯೇ ಸುರಕ್ಷಿತ, ದಿನಾ ಎಂಟು ಗಂಟೆಗೆ ನೋಡಲೂ ಬರುತ್ತದೆ. ಅರ್ಧ ತಾಸಿನ ದೂರಕ್ಕೆ ಮಳೆ ಬೇರೆಯಾಗುವುದುಂಟು, ನಿಜ, ಅಂಥ ದಿನ ನೆಲ ಒದ್ದೆಯೋ ಒಣವೋ ಎಂದಷ್ಟೇ ಬರೆದರೂ ನಡೆಯುತ್ತದೆ.

ಆರಿದ್ರಾ, ಪುನರ್ವಸುಗಳಲ್ಲಿ ಸಾಗವಾನಿ ನೋಡುವ ಗಿಡ. ಎಳೆ ಎಲೆ ಹಿಸುಕಿದರೆ ಬೆರಳು ಕೆಂಪಾಗುತ್ತದೆ, ಗಿಡ ಸಾಗವಾನಿಯೇ ಎಂಬುದಕ್ಕೆ ಅದು ಖಾತ್ರಿ. ಇಲ್ಲಿ ಎರಡು ಬಗೆಯ ಹುಳಗಳ ಕಾಟ ಇದೆ, ಹೊಸಬರು ಎಡವುವುದೂ ಇಲ್ಲೇ. ಮಳೆಗಾಲದ ಮೊದಲಿಗೆ ಬರುವ ಹುಳ ಎಳೆ ಎಲೆಯನ್ನು ಮುಖ್ಯ ನರ ಮಾತ್ರ ಉಳಿಸಿ ತಿನ್ನುತ್ತದೆ, ಗಿಡ ಮತ್ತೆ ಚಿಗುರುತ್ತದೆ. ಮಘಾ, ಹುಬ್ಬಿ ಮಳೆಯ ಹೊತ್ತಿಗೆ ಬರುವ ಇನ್ನೊಂದು ಹುಳ ನರಗಳ ನಡುವಿನ ಹಸಿರನ್ನಷ್ಟೇ ಕೆರೆದು ಎಲೆಯನ್ನು ಜಾಲರಿ ಮಾಡುತ್ತದೆ. ದೂರದಿಂದ ಇಡೀ ತೋಪು ಕಂದಾಗಿ ಕಾಣುತ್ತದೆ. ಆಗ "ಒಣ ಎಲೆ: ಬಾಳ" ಎಂದು ಬರೆದರೆ ವಹಿ ಕೆಟ್ಟಂತೆ. ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ಬಲೆಯಂತೆ ಬೆಳಕು ತೂರಿ ಬಂದರೆ ಅದು ಹುಳದ ಕೆಲಸ, ಎಲೆಯುದುರಿನ ಕಾಲ ಇನ್ನೂ ದೂರ.

ಇದೇ ಹೊತ್ತಿಗೆ ಪೊದೆಗಳ ಮೇಲೆ ಗೌರಿ ಹೂ ಏರುತ್ತದೆ. ಎಲೆಯ ತುದಿಯೇ ಬಳ್ಳಿಯ ಕೈಯಾಗಿ ಸುತ್ತಿಕೊಳ್ಳುವುದನ್ನು, ಎಸಳು ಹಸಿರು-ಹಳದಿಯಿಂದ ಕೆಂಪಿಗೆ ತಿರುಗುವುದನ್ನು ನೋಡಿ, ಕೀಳಬೇಡಿ. ಗಡ್ಡೆ ವಿಷ. ಚೌಕದ ಒಳಗೆ ಈಗ ಮೊಣಕಾಲೆತ್ತರದ ಹುಲ್ಲು, ಬದಿಗೆ ಕಾಂಗ್ರೆಸ್ ಕಸ (ಪಾರ್ಥೇನಿಯಂ). ಕಸ ಕೀಳಬೇಕೆನಿಸುತ್ತದೆ. ಚೌಕದಲ್ಲಿ ಕೀಳಬಾರದು, ಅದು ಎಷ್ಟು ಮುಂದೊತ್ತಿತು ಎಂಬುದೂ ಲೆಕ್ಕವೇ. ಕೈ ತಡೆಯದಿದ್ದರೆ ಸುತ್ತಿನ ಹೊರಗೆ ಕಿತ್ತು ಸಮಾಧಾನ ಮಾಡಿಕೊಳ್ಳಿ, ಕೈಗವಸು ಮಾತ್ರ ಇರಲಿ, ತುರಿಕೆ ಏಳುತ್ತದೆ.

ಹಸ್ತ, ಚಿತ್ತಾ ಕಳೆದ ಮೇಲೆ ಉತ್ತರಾಣಿ ಬಲಿತಿರುತ್ತದೆ. ದೀಪಾವಳಿಗೆ ಹಟ್ಟಿಲಕ್ಕವ್ವನಿಗೆ ಸಿಗಿಸುವ ಅದೇ ಕಡ್ಡಿ. ಮನೆಗೆ ಬಂದು ಪ್ಯಾಂಟಿಗೆ ಅಂಟಿದ ಬೀಜಗಳನ್ನು ಬಿಡಿಸುವಾಗ ಬೈಯುವ ಬದಲು ಎಣಿಸಿದರೆ, ಒಂದು ಗಿಡ ಎಷ್ಟು ದೂರ ಸವಾರಿ ಮಾಡುತ್ತದೆಂಬ ಅಂದಾಜು ಸಿಗುತ್ತದೆ. ದಾರಿಗೆ ಅಡ್ಡವಾಗಿ ದೊಡ್ಡ ಜೇಡನ ಬಲೆಗಳು ಮುಖಕ್ಕೆ ತಾಗುವ ಕಾಲವೂ ಇದು, ಕೋಲು ಮುಂದಿರಲಿ. ಮಳೆ ನಿಂತ ಮೇಲೆ ಉಣ್ಣಿ ಹೆಚ್ಚು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ. ಒಣ ಎಲೆಯ ಮೇಲೆ ಕೊಳಕುಮಂಡಲ ಮಲಗಿದ್ದರೆ ಕಣ್ಣಿಗೆ ಬೀಳುವುದಿಲ್ಲ, ಕುಕ್ಕರಿನಂತೆ ಬುಸ್ಸೆನ್ನುವುದೇ ಮೊದಲು ಕೇಳಿಸುತ್ತದೆ. ಗಿಣ್ಣು ಮುಚ್ಚುವ ಬೂಟಿಲ್ಲದೆ ಕಾಡಿಗೆ ಕಾಲಿಡಬೇಡಿ.

ವಿಶಾಖೆಯ ಆಚೆ ರೈತರಿಗೂ ನಕ್ಷತ್ರಗಳ ಹೆಸರು ಬೇಕಾಗುವುದಿಲ್ಲ. ಅನುರಾಧಾ, ಜ್ಯೇಷ್ಠಾ, ಮೂಲಾ ಎಂದು ಯಾರೂ ಎಣಿಸುವುದಿಲ್ಲ. ಬಹಳಷ್ಟು ವಹಿಗಳು ನಿಲ್ಲುವುದೂ ಇಲ್ಲೇ, "ಈಗ ಏನೂ ಇಲ್ಲ" ಎಂಬ ಬೇಸರಕ್ಕೆ. ಆದರೆ ಚಳಿಗಾಲದ ವಲಸೆ ಹಕ್ಕಿ, ನೆಲದ ಮೇಲೆ ಎಲೆ ಕೆದರುವ ನವರಂಗ, ಈ ಪುಟಗಳಲ್ಲೇ ಸಿಗುತ್ತದೆ. ಸದ್ದಿಲ್ಲದೆ ಇಪ್ಪತ್ತು ನಿಮಿಷ ಕೂತರೆ ಒಣ ಎಲೆ ಸರಿದ ಸಪ್ಪಳದಿಂದಲೇ ಗೊತ್ತಾಗುತ್ತದೆ. ಕಾಂಡದ ಸುತ್ತಳತೆಗೂ ಇದೇ ಕಾಲ ಇಟ್ಟುಕೊಳ್ಳಿ. ನೆಲದಿಂದ 1.37 ಮೀಟರ್ ಎತ್ತರಕ್ಕೆ ಟೇಪು ಸುತ್ತಿ, ಪ್ರತಿ ವರ್ಷ ಅದೇ ನಕ್ಷತ್ರದಲ್ಲಿ. ಬೇಸಿಗೆಗೆ ಕಾಂಡ ನೀರು ಕಳೆದುಕೊಂಡು ತುಸು ಕುಗ್ಗುವುದರಿಂದ, ಒಂದು ವರ್ಷ ಡಿಸೆಂಬರಿನಲ್ಲಿ ಮತ್ತೊಂದು ವರ್ಷ ಏಪ್ರಿಲಿನಲ್ಲಿ ಅಳೆದರೆ ಗಿಡ ಸಣ್ಣದಾದಂತೆ ಲೆಕ್ಕ ಬರುತ್ತದೆ.

ಮುತ್ತಲದ ಕಂದು ಮಖಮಲ್ಲಿನ ಮೊಗ್ಗು ಕಂಡ ದಿನ, ಮೊದಲ ಹೂ ಅರಳಿದ ದಿನ, ಮೊದಲ ಚಪ್ಪಟೆ ಕಾಯಿ ಬಂದ ದಿನ, ಈ ಮೂರೂ ಬೇಕು. ಹೂವಿಗೆ ಬರುವ ಹಕ್ಕಿಗಳನ್ನು ಹತ್ತು ನಿಮಿಷ ಗಡಿಯಾರ ಹಿಡಿದು ಎಣಿಸಿ. ಬಸರಿಯದು ಬೇರೆಯೇ ಹಟ, ಪಕ್ಕದ ಬಸರಿ ಹಣ್ಣಾದಾಗ ಇದು ಬರಿದಾಗಿರಬಹುದು. ಹಣ್ಣಾದ ವಾರ ಹಸಿರು ಪಾರಿವಾಳ, ಕುಟ್ರು, ಕೋಗಿಲೆಗಳ ಸಂತೆ. ಇಂಥ ಹಣ್ಣು ಬಿಚ್ಚಿ ಹುಳ ಕಂಡು ಮುಖ ಸಿಂಡರಿಸುವವರಿಗೆ ಒಂದು ಮಾತು: ಆ ಪುಟ್ಟ ಕಣಜವೇ ಒಳಗಿನ ಹೂಗಳಿಗೆ ಪರಾಗ ತರುವುದು. ಅದಿಲ್ಲದೆ ಬಸರಿಗೆ ಬೀಜವಿಲ್ಲ.

ಉತ್ತರಾಭಾದ್ರ, ರೇವತಿ ಹೊತ್ತಿಗೆ, ಅಂದರೆ ಮಾರ್ಚ್ ಕೊನೆಗೆ, ನೆಲಕ್ಕೆ ಬಿದ್ದ ಒಣ ಎಲೆಯ ಹಾಸಿನ ದಪ್ಪವನ್ನು ಸ್ಕೇಲು ನಿಲ್ಲಿಸಿ ಚೌಕದ ಐದು ಕಡೆ ಅಳೆಯಿರಿ. ಕಾಡಿಗೆ ಬೆಂಕಿ ಬೀಳುವ ಕಾಲವೂ ಇದೇ. ಹೊಗೆ ಕಂಡರೆ ಒಳಗೆ ಹೋಗಬೇಡಿ, ಅರಣ್ಯ ಇಲಾಖೆಗೆ ಫೋನು ಮಾಡಿ ಹಿಂದೆ ಸರಿಯಿರಿ. ಸುಟ್ಟ ಚೌಕವನ್ನು ಬಿಟ್ಟು ಹೊಸದು ಹುಡುಕುವುದು ದೊಡ್ಡ ತಪ್ಪು. ಮುಂದಿನ ಮಿರಗದಲ್ಲಿ ಬೂದಿಯಿಂದ ಮೊದಲು ಏಳುವುದು ಹುಲ್ಲೋ, ಸಾಗವಾನಿಯ ಬುಡದ ಚಿಗುರೋ, ಕಾಂಗ್ರೆಸ್ ಕಸವೋ, ಅದನ್ನು ತೋರಿಸುವ ಚೌಕ ಅದೊಂದೇ.

ಅಶ್ವಿನಿ, ಭರಣಿಗೆ ಕಕ್ಕಿ ಹಳದಿ ಗೊಂಚಲು ಇಳಿಬಿಡುತ್ತದೆ. ಮೇ ಮೊದಲ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬಂದು, ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಚೌಕದ ಯಾವ ಮಗ್ಗುಲು ಮೊದಲು ಬಾಡುತ್ತದೆ ಎಂಬುದಕ್ಕೆ ಈ ನೆರಳೂ ಒಂದು ಕಾರಣ. ರೋಹಿಣಿ ಕೂಡುವಷ್ಟರಲ್ಲಿ ಕವಳಿ ಕಪ್ಪಾಗಿರುತ್ತದೆ. ಗುರುತಿಟ್ಟ ಒಂದು ಕೊಂಬೆಯಲ್ಲಿ ಹಸಿರೆಷ್ಟು, ಕೆಂಪೆಷ್ಟು, ಕಪ್ಪೆಷ್ಟು ಎಂದು ಎಣಿಸಿ ಬರೆದ ಮೇಲೆ ಬೇರೆ ಕೊಂಬೆಯವನ್ನು ತಿನ್ನಲು ಅಡ್ಡಿಯಿಲ್ಲ, ಮುಸ್ಯಾಗಳು ಏನಾದರೂ ಉಳಿಸಿದ್ದರೆ.